ತೆಗೆಸುವುದು ಒಂದು ಪ್ರಶ್ನೆ, ಮತ್ತೆ ಹಾಕಿಸುವುದು ಇನ್ನೊಂದು

ಗಾತ್ರ ಹೆಚ್ಚಿಸಲು ಎದೆಯೊಳಗೆ ಇಂಪ್ಲಾಂಟ್, ಅಂದರೆ ಸಿಲಿಕೋನ್ ಚೀಲ, ಹಾಕಿಸಿಕೊಳ್ಳುವುದು ಸರಿಯಾ ತಪ್ಪಾ ಅಂತ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿಸಿಕೊಂಡು ಹತ್ತು ಹನ್ನೆರಡು ವರ್ಷ ಆದ ಮೇಲೆ ಏನಾಗುತ್ತದೆ, ಆಗ ಮತ್ತೆ ಆಪರೇಷನ್ ಮಾಡಿಸಬೇಕಾ ಬೇಡವಾ ಅನ್ನುವುದರ ಬಗ್ಗೆ ಬಾಯಿ ಬಿಡುವವರು ಮಾತ್ರ ಕಡಿಮೆ. ಮೊದಲನೆಯದನ್ನೇ ಗುಟ್ಟಾಗಿ ಮಾಡಿಸಿಕೊಂಡವರು ಎರಡನೆಯದರ ಬಗ್ಗೆ ಯಾರನ್ನು ಕೇಳುತ್ತಾರೆ? ನನಗೆ ಬೇಕಾದಾಗ ಕನ್ನಡದಲ್ಲಿ ಓದಲು ಒಂದು ಪುಟವೂ ಸಿಗಲಿಲ್ಲ. ಹಾಗಾಗಿ ಹೆಸರು ಹಾಕದೆ, ಉಳಿದದ್ದನ್ನೆಲ್ಲ ಇದ್ದ ಹಾಗೇ ಬರೆಯುತ್ತಿದ್ದೇನೆ.

ಮೊದಲನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನಗೆ ಬೇಕಿತ್ತು, ಸ್ವಂತ ಸಂಬಳದಲ್ಲಿ ಮಾಡಿಸಿಕೊಂಡೆ, ಇಷ್ಟು ವರ್ಷ ಸಂತೋಷವಾಗಿಯೇ ಇದ್ದೆ. ಮಗಳು ಹುಟ್ಟಿದಾಗ ಹಾಲು ಕುಡಿಸಿದ್ದೂ ಆಯಿತು. ಆ ನಿರ್ಧಾರವನ್ನು ಈಗ ಯಾರ ಮುಂದೆಯೂ ಸಮರ್ಥಿಸಿಕೊಳ್ಳಬೇಕಾಗಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಎರಡನೇ ಸರ್ಜರಿ ಅಂದ ತಕ್ಷಣ ಎಲ್ಲರೂ ಮೊದಲನೆಯದರ ವಿಚಾರಣೆಗೆ ಕೂತುಬಿಡುತ್ತಾರೆ. ಇವತ್ತು ನೋಯುತ್ತಿರುವ ಎದೆಗೆ ಅದರಿಂದ ಏನೂ ಉಪಯೋಗ ಇಲ್ಲ.

ಎಡಗಡೆ ಏನೋ ಬದಲಾಗಿದೆ ಅಂತ ಗುರುತಿಸಿದ್ದು ನನ್ನ ಟೈಲರ್. ನಾದಿನಿಯ ಮದುವೆಗೆ ರೇಷ್ಮೆ ಸೀರೆಯ ಬ್ಲೌಸ್ ಹೊಲಿಸಲು ಹೋಗಿದ್ದೆ. ವರ್ಷಗಳಿಂದ ಅವರ ಹತ್ತಿರವೇ ಹೊಲಿಸುವುದು. ಭುಜದಿಂದ ಟೇಪ್ ಇಳಿಸಿ ಬಲಗಡೆ ಅಳೆದರು, ಎಡಗಡೆ ಅಳೆದರು, ಮತ್ತೆ ಬಲಗಡೆಗೆ ಹೋದರು. ಹಳೇ ಪುಸ್ತಕ ತೆಗೆದು ನನ್ನ ಹೆಸರಿನ ಪುಟ ಹುಡುಕಿದರು.

“ಅಕ್ಕಾ, ಹೋದ ಸಲ ಎರಡೂ ಒಂದೇ ಬಂದಿತ್ತು. ಈಗ ಎಡಗಡೆ ಅರ್ಧ ಇಂಚು ಮೇಲಿದೆ. ಎರಡೂ ಕಡೆ ಡಾಟ್ ಒಂದೇ ಅಳತೆಗೆ ಇಟ್ರೆ ಸುಕ್ಕು ಬೀಳುತ್ತೆ. ಬೇರೆ ಬೇರೆ ಇಡ್ಲಾ?”

ಇಡಿ ಅಂದೆ. ಪುಟದಲ್ಲಿ ಒಂದು ಅಂಕಿ ಇದ್ದ ಜಾಗದಲ್ಲಿ ಎರಡು ಬರೆದುಕೊಂಡರು. ಬೇರೇನೂ ಕೇಳಲಿಲ್ಲ. ಎಡಕ್ಕೆ ಹೊರಳಿ ಮಲಗಿದಾಗ ಒತ್ತಿದ ಹಾಗಾಗುತ್ತಿತ್ತು, ಬೆಳಿಗ್ಗೆ ಒಂದು ಥರದ ಬಿಗಿತ ಇರುತ್ತಿತ್ತು. ಅದನ್ನೆಲ್ಲ ದಿಂಬಿನ ಮೇಲೆ, ಕಂಪ್ಯೂಟರ್ ಮುಂದೆ ಕೂರುವ ಕೆಲಸದ ಮೇಲೆ ಹಾಕಿದ್ದೆ. ಅರ್ಧ ಇಂಚು ಅಂತ ಒಬ್ಬರು ಅಳೆದು ಹೇಳಿದ ಮೇಲೆ ದಿಂಬಿನ ಮಾತು ನಿಂತಿತು.

ಆಗಿರುವುದು ಏನು ಅಂತ ಸರಳವಾಗಿ ಹೇಳುತ್ತೇನೆ. ಹೊರಗಿನ ಯಾವ ವಸ್ತುವನ್ನು ಒಳಗಿಟ್ಟರೂ ದೇಹ ಅದರ ಸುತ್ತ ತನ್ನದೇ ಒಂದು ತೆಳು ಪೊರೆ ಕಟ್ಟುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಈ ಪೊರೆ ಇರುತ್ತದೆ, ಅದು ಕಾಯಿಲೆಯಲ್ಲ. ಕೆಲವರಲ್ಲಿ ಮಾತ್ರ ಅದು ದಪ್ಪಗಾಗಿ ಕುಗ್ಗುತ್ತಾ ಹೋಗುತ್ತದೆ. ಇಂಪ್ಲಾಂಟ್ ಒಳಗಿರುವ ಸಿಲಿಕೋನ್ ಜೆಲ್ ಮೆತ್ತಗೇ ಇರುತ್ತದೆ, ಹಿಂಡುವ ಪೊರೆಯಿಂದಾಗಿ ಎದೆ ಗಟ್ಟಿಯಾಗುತ್ತದೆ, ದುಂಡಗಾಗುತ್ತದೆ, ಮೇಲಕ್ಕೇರುತ್ತದೆ. ಇದಕ್ಕೆ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಅಮೆರಿಕದ ಸರ್ಜನ್ ಬೇಕರ್ 1975ರಲ್ಲಿ ಮಾಡಿದ ನಾಲ್ಕು ಹಂತಗಳನ್ನೇ ಇವತ್ತಿಗೂ ಡಾಕ್ಟರುಗಳು ಬಳಸುತ್ತಾರೆ. ಒಂದರಲ್ಲಿ ಎದೆ ಮೆತ್ತಗೆ ಸಹಜವಾಗಿರುತ್ತದೆ. ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಏನೂ ಗೊತ್ತಾಗುವುದಿಲ್ಲ. ಮೂರರಲ್ಲಿ ಆಕಾರವೂ ಬದಲಾಗಿರುತ್ತದೆ. ನಾಲ್ಕರಲ್ಲಿ ನೋವು ಸೇರಿಕೊಳ್ಳುತ್ತದೆ. ನನ್ನ ಎಡಗಡೆ ಮೂರು ದಾಟಿ ನಾಲ್ಕರ ಹೊಸ್ತಿಲಲ್ಲಿದೆ. ಬಲಗಡೆ ಒಂದು.

ಯಾಕೆ ಹೀಗಾಗುತ್ತದೆ? ಆಪರೇಷನ್ ಸಮಯದಲ್ಲಿ ಇಂಪ್ಲಾಂಟ್ ಮೇಲೆ ಅಂಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುವ ಬ್ಯಾಕ್ಟೀರಿಯಾ ಪದರ ಒಂದು ಕಾರಣ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೂ ಆಗಬಹುದು. ಜೆಲ್ ಸೋರಿದರೂ ಆಗಬಹುದು. ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಮೇಲೆ ಇಟ್ಟಿದ್ದರೆ, ಕೆಳಗೆ ಇಟ್ಟಿರುವುದಕ್ಕಿಂತ ಸಾಧ್ಯತೆ ಜಾಸ್ತಿ. ನನ್ನದು ಮೇಲಿದೆ. ಒಂದೇ ದಿನ, ಒಂದೇ ಕೈಯಿಂದ ಹಾಕಿದ ಎರಡರಲ್ಲಿ ಒಂದು ಗಟ್ಟಿಯಾಗಿ ಇನ್ನೊಂದು ಮೆತ್ತಗಿರುವುದು ಯಾಕೆ ಅಂದರೆ ನಿಖರವಾದ ಉತ್ತರ ಯಾರೂ ಕೊಡುವುದಿಲ್ಲ.

ಮೊದಲು ಹೋದದ್ದು ದೊಡ್ಡ ಗಾಜಿನ ಬಾಗಿಲಿನ ಒಂದು ಕ್ಲಿನಿಕ್‌ಗೆ. ಎದೆ ಮುಟ್ಟಿ ನೋಡಿದರು, ಕಾಂಟ್ರಾಕ್ಚರ್ ಅಂದರು, ಸರಿಯಾಗಿಯೇ ಹೇಳಿದರು. ಆಮೇಲೆ ಡ್ರಾಯರ್ ಎಳೆದು ಸ್ಯಾಂಪಲ್ ಇಂಪ್ಲಾಂಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದನ್ನು ನನ್ನ ಅಂಗೈ ಮೇಲೆ ಇಟ್ಟು, “ಈಗ ಬರ್ತಿರೋವು ತುಂಬಾ ಚೆನ್ನಾಗಿವೆ ಮೇಡಂ. ನಿಮ್ಮದು 275 ಸಿಸಿ ಅಲ್ವಾ? ಹೇಗೂ ಓಪನ್ ಮಾಡ್ತೀವಿ, 325ಕ್ಕೆ ಹೋಗೋಣ್ವಾ?” ಅಂದರು. ಅಂಗೈ ಮೇಲೆ ತಣ್ಣಗೆ ಕೂತಿತ್ತು ಅದು. ಒತ್ತಿದರೆ ಒಳಗೆ ಹೋಗಿ ಮತ್ತೆ ಉಬ್ಬುತ್ತಿತ್ತು. ಯೋಚಿಸಿ ಹೇಳ್ತೀನಿ ಅಂತ ಎದ್ದೆ. ಮೆಟ್ರೋದಲ್ಲಿ ನಿಂತಾಗ ಹೊಳೆಯಿತು. ನಾನು ನೋವು ಹೇಳಿಕೊಂಡು ಹೋದವಳು. ಎಷ್ಟು ದೊಡ್ಡದು ಬೇಕು ಅಂತ ಕೇಳಿದರು. ಬೇಕಾ ಅಂತ ಕೇಳಲೇ ಇಲ್ಲ.

ಈ ಅಭ್ಯಾಸ ಇವತ್ತಿನದಲ್ಲ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಅನ್ನುವ ಹೆಂಗಸಿಗೆ ಜಗತ್ತಿನ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದರು. ಅವರು ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿದ್ದ ಹಚ್ಚೆ ತೆಗೆಸಲು. ಡಾಕ್ಟರುಗಳಾದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ತಾವು ಮಾಡಿದ ಹೊಸ ವಸ್ತುವನ್ನು ಪ್ರಯತ್ನಿಸಲು ಒಬ್ಬರನ್ನು ಹುಡುಕುತ್ತಿದ್ದರು, ಇವರನ್ನು ಕೇಳಿದರು. ಲಿಂಡ್ಸೆಗೆ ಚಿಂತೆ ಇದ್ದದ್ದು ತನ್ನ ಕಿವಿಗಳದ್ದು. ಮುಂದಕ್ಕೆ ಚಾಚಿರುವ ಕಿವಿ ಸರಿ ಮಾಡಿಕೊಡುವುದಾದರೆ ಆಗಲಿ ಅಂತ ಒಪ್ಪಿದರು. ಈ ಕಥೆ ಓದಿದಾಗ ನನಗೆ ಆ ಸ್ಯಾಂಪಲ್ ಸಾಲು ನೆನಪಾಯಿತು. ಹೆಂಗಸು ಒಂದು ತೊಂದರೆ ಹೇಳುತ್ತಾಳೆ, ಮೇಜಿನ ಆ ಕಡೆಯವರು ತಮ್ಮ ಹತ್ತಿರ ಇರುವುದನ್ನು ತೋರಿಸುತ್ತಾರೆ. ಐವತ್ತು ವರ್ಷ ಆದ ಮೇಲೂ ಲಿಂಡ್ಸೆಯ ಎದೆಯಲ್ಲಿ ಅವೇ ಇಂಪ್ಲಾಂಟ್ ಇದ್ದವು. ಹತ್ತು ವರ್ಷಕ್ಕೆ ಬದಲಾಯಿಸಲೇಬೇಕು ಅಂತ ನಮ್ಮಲ್ಲಿ ಓಡಾಡುವ ಮಾತಿಗೆ ಇದೇ ಉತ್ತರ. ಔಷಧಿ ಸ್ಟ್ರಿಪ್ಪಿನ ಮೇಲಿನ ಥರ ಕೊನೇ ದಿನಾಂಕ ಇದಕ್ಕಿಲ್ಲ. ಹಾಗಂತ ಜೀವನಪೂರ್ತಿ ಬಾಳುವ ವಸ್ತುವೂ ಅಲ್ಲ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗಾತ್ರಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರ ತನಕ 10 ವರ್ಷದೊಳಗೆ ತೆಗೆಸಬೇಕಾಗಬಹುದು ಅಂತ 2011ರಲ್ಲೇ ಹೇಳಿತ್ತು. ಮೊದಲ ಸಲ ಯಾರೂ ನನಗೆ ಈ ಮಾತು ಹೇಳಿರಲಿಲ್ಲ.

ತೆಗೆಯುವುದು, ಮತ್ತೆ ಹಾಕುವುದು ಎರಡೂ ಬೇರೆ ಬೇರೆ ಅಂತ ನನಗೆ ಗಟ್ಟಿಯಾಗಿ ಕಾಣಿಸಿದ್ದು ಫ್ರಾನ್ಸಿನ ಪಿಐಪಿ ಅನ್ನುವ ಇಂಪ್ಲಾಂಟ್ ಕಂಪನಿಯ ಪ್ರಕರಣ ಓದಿದಾಗ. ಆ ಕಂಪನಿ ದೇಹಕ್ಕೆ ಬಳಸುವಂಥ ಸಿಲಿಕೋನ್ ಬಿಟ್ಟು ಕಾರ್ಖಾನೆ ದರ್ಜೆಯ ಅಗ್ಗದ ಸಿಲಿಕೋನ್ ತುಂಬಿಸಿತ್ತು. 2010ರಲ್ಲಿ ಸಿಕ್ಕಿಬಿತ್ತು, ಸ್ಥಾಪಕನಿಗೆ 2013ರಲ್ಲಿ ಜೈಲು ಶಿಕ್ಷೆ ಆಯಿತು. ನನಗೆ ಮುಖ್ಯ ಅನ್ನಿಸಿದ್ದು ನಡುವಿನ ಭಾಗ. 2011ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರ ಸುಮಾರು 30,000 ಹೆಂಗಸರಿಗೆ ತೆಗೆಸಿಕೊಳ್ಳಿ ಅಂತ ಸಲಹೆ ಕೊಟ್ಟಿತು. ತೆಗೆಯುವ ಖರ್ಚು ಎಲ್ಲರಿಗೂ ಸರ್ಕಾರದ್ದು. ಹೊಸದು ಹಾಕಿಸುವ ಖರ್ಚು ಮಾತ್ರ ಕ್ಯಾನ್ಸರ್‌ನಂಥ ಕಾರಣಕ್ಕೆ ಎದೆ ಮರುರಚನೆ ಮಾಡಿಸಿಕೊಂಡವರಿಗೆ. ಇದು ನ್ಯಾಯವಾ ಅಂದರೆ ನನಗೆ ಒಪ್ಪಿಗೆ ಇಲ್ಲ. ಮೋಸ ಹೋದವರಲ್ಲಿ ಮೇಲು ಕೀಳು ಮಾಡಿದ ಹಾಗಾಯಿತು. ಆದರೆ ಅಲ್ಲಿ ಎರಡು ಕೆಲಸಗಳ ನಡುವೆ ಒಂದು ಗೆರೆ ಎಳೆದಿದ್ದರು. ನನ್ನ ತಲೆಯಲ್ಲಿ ಆ ಗೆರೆ ಇರಲಿಲ್ಲ. ಈ ಎರಡನೇ ಸರ್ಜರಿಗೆ ಹೇಳುವ ‘ರಿವಿಷನ್’ ಅಂದರೆ ಹಳೆಯದು ಹೋಗಿ ಹೊಸದು ಬರುವುದು ಅಂತಲೇ ಅಂದುಕೊಂಡಿದ್ದೆ, ಅಷ್ಟೆ.

ಎರಡನೇ ಡಾಕ್ಟರ್ ಹತ್ತಿರ ಹೋಗುವ ಮುಂಚೆ ಮನೆಯಲ್ಲಿ ಕಾರ್ಡ್ ಹುಡುಕಿದೆ. ಇಂಪ್ಲಾಂಟ್ ಹಾಕಿದಾಗ ಒಂದು ಸಣ್ಣ ಕಾರ್ಡ್ ಕೊಡುತ್ತಾರೆ. ಕಂಪನಿ, ಮಾಡೆಲ್, ಗಾತ್ರ, ಎಡ ಬಲ ಎರಡರ ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ನನ್ನದು ಸಿಕ್ಕಿದ್ದು ಬೀರುವಿನಲ್ಲಿ, ಪಾಸ್‌ಪೋರ್ಟಿನ ಕವರ್ ಒಳಗೆ, ಸ್ಟಿಕ್ಕರಿನ ಅಂಚು ಹಳದಿಯಾಗಿ. ರೌಂಡ್, ಸ್ಮೂತ್, 275 ಸಿಸಿ. ‘ಸ್ಮೂತ್’ ಅನ್ನುವ ಆ ಒಂದು ಪದ ನೋಡಿ ಉಸಿರು ಬಿಟ್ಟೆ. ಯಾಕೆ ಅಂದರೆ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಒರಟು ಮೇಲ್ಮೈಯವುಗಳ ಸುತ್ತಲಿನ ಪೊರೆಯಲ್ಲಿ ಲಿಂಫೋಮಾ ಅನ್ನುವ ಕ್ಯಾನ್ಸರಿನ ಒಂದು ಅಪರೂಪದ ಬಗೆ ಕಾಣಿಸಿಕೊಂಡಿತ್ತು. ಹಾಕಿಸಿಕೊಂಡು ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದ ಹಾಗೆ ನೀರು ತುಂಬಿ ಊದಿಕೊಂಡರೆ ತಡ ಮಾಡದೆ ತೋರಿಸಬೇಕು. ಇನ್ನೊಂದು ವಿಷಯ ಗೊತ್ತಿರಲಿ. ಆ ಇಂಪ್ಲಾಂಟ್ ಇದ್ದು ಏನೂ ತೊಂದರೆ ಇಲ್ಲದವರು ಬರೀ ಹೆದರಿಕೆಗೆ ತೆಗೆಸಬೇಕಾಗಿಲ್ಲ ಅಂತಲೇ ಎಫ್‌ಡಿಎ ಹೇಳಿದ್ದು. ಕಾರ್ಡ್ ಕಳೆದಿದ್ದರೆ ಸರ್ಜರಿ ಮಾಡಿಸಿದ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ಕೇಳಿ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು.

ಎರಡನೇ ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅನ್ನುವ ಉನ್ನತ ಪದವಿ ಮಾಡಿದವರು. ಕ್ಯಾನ್ಸರ್ ಆದವರಿಗೆ ಎದೆ ಮರುರಚನೆ ಮಾಡುವುದೇ ಅವರ ಹೆಚ್ಚಿನ ಕೆಲಸ. ಸ್ಟೂಲ್ ಮೇಲೆ ಕೂರಿಸಿ ಎರಡೂ ಕೈ ಸೊಂಟದ ಮೇಲಿಟ್ಟು ಒತ್ತಲು ಹೇಳಿದರು. ತಲೆ ಮೇಲೆ ಎತ್ತಲು ಹೇಳಿದರು. ಮುಂದಕ್ಕೆ ಬಗ್ಗಿಸಿ ಪಕ್ಕದಿಂದ ನೋಡಿದರು. ಬಗ್ಗಿದಾಗ ಬಲಗಡೆ ಜೋತು ಬಿತ್ತು, ಎಡಗಡೆ ಅಲ್ಲಾಡಲಿಲ್ಲ. ಎದುರಿನ ಕನ್ನಡಿಯಲ್ಲಿ ನನಗೂ ಕಾಣಿಸಿತು. ಬಟ್ಟೆ ಹಾಕಿಕೊಂಡು ಬಂದು ಕೂತ ಮೇಲೆ ಅವರು ಕೇಳಿದ ಮೊದಲ ಮಾತು: “ಇವತ್ತು ನಿಮಗೆ ಏನು ತೊಂದ್ರೆ ಕೊಡ್ತಿದೆ? ನೋವಾ, ಆಕಾರನಾ, ಭಯನಾ? ಮೂರಕ್ಕೂ ಉತ್ತರ ಬೇರೆ ಬೇರೆ.”

ಮೂರೂ ಅಂದೆ. ಹಾಗಾದರೆ ಭಯದಿಂದ ಶುರು ಮಾಡೋಣ ಅಂತ ಅಲ್ಟ್ರಾಸೌಂಡ್ ಬರೆದುಕೊಟ್ಟರು.

ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟ್ ಒಡೆದರೆ ಎಷ್ಟೋ ಸಲ ಹೊರಗೆ ಗೊತ್ತಾಗುವುದಿಲ್ಲ. ಉಪ್ಪುನೀರು ತುಂಬಿದ್ದಾದರೆ ಸೋರಿ ಎದೆ ಇಳಿದುಬಿಡುತ್ತದೆ, ಕಣ್ಣಿಗೇ ಕಾಣುತ್ತದೆ. ಜೆಲ್ ದಪ್ಪ, ಸಾಮಾನ್ಯವಾಗಿ ಪೊರೆಯ ಒಳಗೇ ಉಳಿಯುತ್ತದೆ, ನೋವೂ ಇರದೇ ಹೋಗಬಹುದು. ಅದಕ್ಕೇ ತೊಂದರೆ ಇಲ್ಲದಿದ್ದರೂ ಹಾಕಿಸಿಕೊಂಡ 5ರಿಂದ 6 ವರ್ಷಕ್ಕೆ ಮೊದಲ ಸಲ, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅಂತ 2021ರಲ್ಲಿ ಎಫ್‌ಡಿಎ ಹೇಳಿತು. ಒಡೆದಿದ್ದರೆ ತೆಗೆಸುವುದೇ ಸರಿ, ಅಲ್ಲಿ ಯೋಚಿಸಲು ಹೆಚ್ಚೇನಿಲ್ಲ. ನನ್ನದು ಎರಡೂ ಒಡೆದಿರಲಿಲ್ಲ. ರಿಪೋರ್ಟ್ ಓದಿ ಅಕ್ಕ ಸಂತೋಷಪಟ್ಟಳು. ನನಗೆ ಸಮಾಧಾನ ಆಯಿತು ನಿಜ, ನಿರ್ಧಾರ ಮಾತ್ರ ಮತ್ತೆ ನನ್ನ ತಲೆಗೇ ಬಂತು. ಒಡೆದಿದ್ದರೆ ರಿಪೋರ್ಟೇ ಹೇಳಿಬಿಡುತ್ತಿತ್ತು.

ಉಳಿದ ದಾರಿಗಳನ್ನು ಆ ಡಾಕ್ಟರ್ ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. ಸುಮ್ನೆ ಬಿಡುವುದು ಮೊದಲನೆಯದು. ಅದನ್ನು ಅವರೇ ಮೊದಲು ಹೇಳಿದ್ದು ನನಗೆ ಇಷ್ಟವಾಯಿತು. ಬರೀ ಗಟ್ಟಿಯಾಗಿದ್ದರೆ ಜೀವಕ್ಕೆ ಅಪಾಯ ಇಲ್ಲ, ನೋವು ಸಹಿಸುವ ಹಾಗಿದ್ದರೆ ನೋಡುತ್ತಾ ಇರಬಹುದು. ಹಳೆಯದು, ಪೊರೆ ಎರಡನ್ನೂ ತೆಗೆದು ಹೊಸದನ್ನು ಸ್ನಾಯುವಿನ ಕೆಳಗೆ ಹಾಕುವುದು ಇನ್ನೊಂದು. ಎರಡನ್ನೂ ತೆಗೆದು ಹಾಗೇ ಹೊಲಿದುಬಿಡುವುದು ಮತ್ತೊಂದು. ತೆಗೆದ ಮೇಲೆ ಜೋತ ಚರ್ಮ ಎತ್ತಿ ಕಟ್ಟುವ ಲಿಫ್ಟ್ ಬೇಕಾದರೆ ಆಗಲೇ, ಇಲ್ಲ ಆಮೇಲೆ. ಹೊಟ್ಟೆ ತೊಡೆಯ ಕೊಬ್ಬನ್ನು ತೆಗೆದು ಎದೆಗೆ ತುಂಬುವುದೂ ಇದೆ. ಅದರಲ್ಲಿ ಒಂದಷ್ಟು ದೇಹಕ್ಕೆ ಕರಗಿಹೋಗುತ್ತದೆ, ಮತ್ತೆ ತುಂಬಿಸಬೇಕಾಗಬಹುದು.

ಪೊರೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಇಂಪ್ಲಾಂಟ್ ಸಮೇತ ಪೊರೆಯನ್ನು ಒಡೆಯದೆ ಒಂದೇ ತುಂಡಾಗಿ ತೆಗೆಯುವ ‘ಎನ್ ಬ್ಲಾಕ್’ ಬೇಕೇ ಬೇಕು ಅಂತ ಇಂಟರ್ನೆಟ್‌ನಲ್ಲಿ ದೊಡ್ಡ ಗಲಾಟೆ ಇದೆ. ನಾನೂ ಅದನ್ನೇ ಕೇಳಿದೆ. ಲಿಂಫೋಮಾ ಇದ್ದರೆ ಹಾಗೆ ತೆಗೆಯಲೇಬೇಕು, ಇಲ್ಲದವರಿಗೆ ಅದು ಕಡ್ಡಾಯವಲ್ಲ ಅಂದರು. ಸ್ನಾಯುವಿನ ಕೆಳಗಿನ ಇಂಪ್ಲಾಂಟ್ ಆದರೆ ಹಿಂದಿನ ಪೊರೆ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ, ಹಟ ಹಿಡಿದು ಕೆರೆದರೆ ಶ್ವಾಸಕೋಶದ ಪೊರೆಗೇ ತೂತಾಗಬಹುದು. ನನ್ನ ಎಡಗಡೆಯ ದಪ್ಪ ಪೊರೆಯನ್ನು ಪೂರ್ತಿ ತೆಗೆಯಬಹುದು, ಬಲಗಡೆಯ ತೆಳು ಪೊರೆಯನ್ನು ಎಷ್ಟು ಸಲೀಸಾಗಿ ಬರುತ್ತದೋ ಅಷ್ಟು. ತೆಗೆದದ್ದನ್ನು ಪೆಥಾಲಜಿಗೆ ಕಳಿಸುತ್ತಾರೆ.

“ಮತ್ತೆ ಹಾಕಿಸಿದ್ರೆ ಮತ್ತೆ ಗಟ್ಟಿಯಾಗುತ್ತಾ ಡಾಕ್ಟ್ರೇ?”

“ಆಗಬಹುದು. ಒಂದ್ಸಲ ಆದವರಿಗೆ ಮತ್ತೆ ಆಗೋ ಸಾಧ್ಯತೆ ಜಾಸ್ತಿನೇ. ಆಗಲ್ಲ ಅಂತ ಗ್ಯಾರಂಟಿ ಕೊಡೋರ ಹತ್ರ ಹೋಗ್ಬೇಡಿ.”

ಎರಡನೇ ಸಲದ ದೇಹ ಮೊದಲಿನದ್ದಲ್ಲ ಅನ್ನುವುದನ್ನೂ ಅವರೇ ಬಿಡಿಸಿ ಹೇಳಿದರು. ಇಷ್ಟು ವರ್ಷದ ಒತ್ತಡಕ್ಕೆ ಎದೆಯ ಸ್ವಂತ ಮಾಂಸ ತೆಳುವಾಗಿರುತ್ತದೆ. ಹಾಲು ಕುಡಿಸಿ ಚರ್ಮ ಸಡಿಲವಾಗಿರುತ್ತದೆ. ಹಳೇ ಗಾಯದ ಮೇಲೆ ಹೊಸ ಗಾಯ. ಹೊಸದು ಹಾಕಿದರೂ ಮೊದಲ ಸಲದ ಫೋಟೋದಲ್ಲಿರುವ ಎದೆ ವಾಪಸ್ ಬರುವುದಿಲ್ಲ. ಹಾಕದೇ ಬಿಟ್ಟರೆ ಸರ್ಜರಿಗೂ ಮುಂಚಿನ ಎದೆಯೂ ವಾಪಸ್ ಬರುವುದಿಲ್ಲ. ಚಪ್ಪಟೆಯಾಗಬಹುದು, ಮೇಲ್ಭಾಗ ಗುಳಿ ಬೀಳಬಹುದು. ಬೇರೆ ಹೆಂಗಸರ ಫೋಟೋ ತೋರಿಸಿದರು, ಮುಖ ಇಲ್ಲದ್ದು. ಚೆನ್ನಾಗಿ ಬಂದದ್ದನ್ನೂ ತೋರಿಸಿದರು, ಚೆನ್ನಾಗಿ ಬಾರದ್ದನ್ನೂ ತೋರಿಸಿದರು. ಎರಡನೆಯದನ್ನು ತೋರಿಸುವ ಧೈರ್ಯ ಇರುವ ಡಾಕ್ಟರನ್ನು ನಾನು ನಂಬುತ್ತೇನೆ.

ಅಕ್ಕ ತುಮಕೂರಿನಲ್ಲಿದ್ದಾಳೆ. ತವರಿನಲ್ಲಿ ಮೊದಲ ಸಲದ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. “ಒಡೆದಿಲ್ಲ, ಕ್ಯಾನ್ಸರ್ ಅಲ್ಲ. ಸುಮ್ನಿರಲಾರದೆ ಇರುವೆ ಬಿಟ್ಕೊಂಡ ಹಾಗೆ ಯಾಕೆ ಮಾಡ್ತೀಯ? ಒಂದ್ ಡೋಲೋ ತಗೊಂಡು ಮಲಕ್ಕೋ” ಅಂದಳು. ಅವಳು ಹೇಳಿದ್ದರಲ್ಲಿ ತೂಕ ಇತ್ತು. ಅರಿವಳಿಕೆ ಕೊಡುವ ಪ್ರತಿ ಆಪರೇಷನ್ನಿಗೂ ಒಂದು ಅಪಾಯ ಇದ್ದೇ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ಇಬ್ಬರಿಗೂ ನೆನಪಿತ್ತು. ಆ ಸುದ್ದಿಯ ಕೆಳಗೆ ಜನ ಬರೆದದ್ದೂ ನೆನಪಿತ್ತು. ಸತ್ತವಳ ಆಸೆಯನ್ನೇ ಬೈದಿದ್ದರು. ಅಕ್ಕನಿಗೆ ನನ್ನ ಜೀವದ ಭಯ ಎಷ್ಟಿತ್ತೋ ಆ ಮಾತುಗಳ ಭಯವೂ ಅಷ್ಟೇ ಇತ್ತು. ಹಾಗಾಗಿ ಜಾಗ ಆರಿಸುವಾಗ ಐಸಿಯು ಇದೆಯಾ, ಅರಿವಳಿಕೆ ಡಾಕ್ಟರ್ ಯಾರು, ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಓದಿದ್ದಾರಾ, ರಾತ್ರಿ ರಕ್ತ ಕಟ್ಟಿಕೊಂಡರೆ ಮತ್ತೆ ಥಿಯೇಟರ್ ತೆರೆಯುತ್ತಾರಾ ಅಂತ ಎಲ್ಲ ಕೇಳಿದೆ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಕಡೆ ಎದ್ದು ಬಂದುಬಿಡಿ.

ನನ್ನ ಗಂಡನದು ಬೇರೆ ಥರ. “ನಿಂಗೆ ಹೇಗೆ ಬೇಕೋ ಹಾಗೆ ಮಾಡು, ನನ್ನದೇನೂ ಇಲ್ಲ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ದೇಹ, ನನ್ನ ತೀರ್ಮಾನ, ಅಡ್ಡ ಬರಬಾರದು ಅಂತ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತವಳಿಗೆ ಆ ಮಾತು ಬಾಗಿಲು ಮುಂದಕ್ಕೆ ಹಾಕಿದ ಹಾಗೆ ಕೇಳಿಸುತ್ತದೆ. “ತೀರ್ಮಾನ ನಂದೇ ಇರ್ಲಿ ರೀ. ಯೋಚನೆ ಮಾಡೋಕೆ ಜೊತೆಗೆ ಕೂರಿ” ಅಂದೆ. ಆಮೇಲೆ ಕೂತರು. ರಿಪೋರ್ಟ್ ಓದಿದರು, ಲೆಕ್ಕ ಹಾಕಿದರು. ಎದೆ ಚಪ್ಪಟೆಯಾದರೆ ನಿಮಗೆ ಹೇಗನ್ನಿಸುತ್ತೆ ಅಂತ ನೇರವಾಗಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, “ಮೊದಲು ಸ್ವಲ್ಪ ದಿನ ವಿಚಿತ್ರ ಅನ್ಸುತ್ತೆ. ಈಗ ನೀನು ನೋವಿನಿಂದ ಕೈ ತಳ್ತೀಯಲ್ಲ, ಅದು ಇನ್ನೂ ಕಷ್ಟ” ಅಂದರು. ಏನೂ ಅನ್ಸಲ್ಲ ಅಂತ ಹೇಳಿದ್ದರೆ ನಂಬುತ್ತಿರಲಿಲ್ಲ.

ಲೆಕ್ಕದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಕಾಸ್ಮೆಟಿಕ್ ಸರ್ಜರಿ ಹೊರಗಿಟ್ಟಿರುತ್ತಾರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆ ಇದಕ್ಕೆ ಹೊರತು. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ ಅಂತ ನೋಡುವ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಇನ್ನೊಂದು ಕಿಂಡಿ. ಗಟ್ಟಿಯಾಗಿ ನೋಯುವುದು ಆ ಕಿಂಡಿಯಲ್ಲಿ ತೂರಲಿಲ್ಲ. ಕಂಪನಿಯವರು ಆಗುವುದಿಲ್ಲ ಅಂತ ಬರೆದು ಕಳಿಸಿದರು. ಸಾಮಾನ್ಯ ಚಿಕಿತ್ಸೆಗೆ ಇಲ್ಲದ ಜಿಎಸ್‌ಟಿ ಸೌಂದರ್ಯಕ್ಕೆ ಮಾಡಿಸುವ ಸರ್ಜರಿಗೆ ಬೀಳುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಏನಂತ ಬರೆಯುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಹೊಸ ಇಂಪ್ಲಾಂಟ್ ಬೇಡ ಅಂದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ಆದರೆ ದುಡ್ಡು ಉಳಿಯುತ್ತೆ ಅಂತ ಬೇಡ ಅನ್ನುವುದೂ ಬೇಡ. ಇಂಥದ್ದನ್ನು ಕಾಸಿನ ಲೆಕ್ಕಕ್ಕೆ ಬಿಟ್ಟರೆ ಆಮೇಲೆ ಕನ್ನಡಿ ಮುಂದೆ ನಿಂತು ಕೊರಗುತ್ತೇವೆ.

ಸುಸ್ತು, ಕೀಲು ನೋವು, ಮರೆವು, ಇದೆಲ್ಲ ಇಂಪ್ಲಾಂಟಿನಿಂದಲೇ ಅನ್ನುವ ಹೆಂಗಸರೂ ಜಗತ್ತಿನಲ್ಲಿ ತುಂಬಾ ಇದ್ದಾರೆ. ಇದನ್ನು ಹಿಡಿದು ತೋರಿಸುವ ಒಂದು ಟೆಸ್ಟ್ ಇಲ್ಲ. ತೆಗೆಸಿದ ಮೇಲೆ ಹಗುರಾದವರು ಇದ್ದಾರೆ, ಆಗದವರೂ ಇದ್ದಾರೆ. ಅವರ ನೋವು ನಿಜ ಅಂತಲೇ ನಾನು ನಂಬುತ್ತೇನೆ. ನನ್ನ ತೊಂದರೆ ಅದಾಗಿರಲಿಲ್ಲ.

ನನ್ನ ತಕ್ಕಡಿಯಲ್ಲಿ ಕೂತ ಇನ್ನೊಬ್ಬರು ನನ್ನ ಸೋದರತ್ತೆ. ನಾನು ಶಾಲೆಗೆ ಹೋಗುತ್ತಿದ್ದಾಗ ಕಿದ್ವಾಯಿ ಆಸ್ಪತ್ರೆಯಲ್ಲಿ ಅವರ ಒಂದು ಸ್ತನ ತೆಗೆದರು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೆತ್ತಗಿನ ಹಳೇ ಪಂಚೆಯನ್ನು ಮಡಚಿ, ನಡುವೆ ಹತ್ತಿ ತುಂಬಿ, ಸುತ್ತ ಹೊಲಿಗೆ ಹಾಕಿ ಅವರೇ ಒಂದು ಪ್ಯಾಡ್ ಮಾಡಿಕೊಂಡಿದ್ದರು. ಒಗೆದು ಒಳಗಿನ ಕೋಣೆಯಲ್ಲೇ ಒಣಗಿಸುತ್ತಿದ್ದರು. ಅಂಗಳಕ್ಕೆ ತರುತ್ತಿರಲಿಲ್ಲ. ಗಟ್ಟಿಮುಟ್ಟಾಗಿ ಬಹಳ ವರ್ಷ ಬದುಕಿದರು. ನಾನು ಇಂಪ್ಲಾಂಟ್ ಹಾಕಿಸಿಕೊಂಡ ವರ್ಷ ಅವರಿನ್ನೂ ಇದ್ದರು, ನಾನು ಅವರಿಗೆ ಹೇಳಲಿಲ್ಲ. ತಂದೆಯ ಕಡೆಯಿಂದಲೂ ಸ್ತನ ಕ್ಯಾನ್ಸರಿನ ಅಪಾಯ ಬರಬಹುದು ಅಂತ ಡಾಕ್ಟರ್ ಹೇಳಿದಾಗ ಅತ್ತೆಯ ಮುಖ ಕಣ್ಣ ಮುಂದೆ ಬಂತು. ನಲವತ್ತಾದ ಮೇಲೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಶುರು ಮಾಡಬೇಕು. ಇಂಪ್ಲಾಂಟ್ ಇದ್ದರೂ ಮಾಡಬಹುದು. ಅದನ್ನು ಹಿಂದಕ್ಕೆ ತಳ್ಳಿ ಎದೆಯನ್ನು ಮುಂದಕ್ಕೆಳೆದು ಹೆಚ್ಚಿಗೆ ಚಿತ್ರ ತೆಗೆಯುವ ವಿಧಾನ ಇದೆ, ಟೆಕ್ನಿಷಿಯನ್‌ಗೆ ಮೊದಲೇ ಹೇಳಬೇಕು ಅಷ್ಟೆ. ಆದರೆ ಗಟ್ಟಿಯಾದ ಎದೆಯಲ್ಲಿ ಹಾಗೆ ತಳ್ಳುವುದು ಕಷ್ಟ, ಒಂದಿಷ್ಟು ಭಾಗ ಮರೆಯಾಗಿಯೇ ಉಳಿಯುತ್ತದೆ. ನನಗೆ ಅದು ಬೇಡ ಅನ್ನಿಸಿತು.

ನಿರ್ಧಾರಕ್ಕೆ ಬಂದದ್ದು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ದಿನ ಕೇಳಿಕೊಂಡಾಗ. ಒಂದು: ಎಡಗಡೆ ಈಗ ಇರುವ ಹಾಗೆ ಇನ್ನೂ ಐದು ವರ್ಷ ಇಟ್ಟುಕೊಂಡಿರುತ್ತೀಯಾ? ಇಲ್ಲ. ಮಗಳು ಓಡಿ ಬಂದು ಅಪ್ಪಿಕೊಂಡರೆ ನಾನು ಬಲಕ್ಕೆ ತಿರುಗುತ್ತೇನೆ. ಅದು ಅವಳಿಗೂ ಗೊತ್ತಾಗಿದೆ, ಈಗೀಗ ಅವಳೇ ಬಲಗಡೆಯಿಂದ ಬರುತ್ತಾಳೆ. ಇಷ್ಟು ಸಾಕಾಯಿತು. ಇನ್ನೊಂದು: ನಿನ್ನ ಎದೆಯಲ್ಲಿ ಏನೂ ಇಲ್ಲ ಅಂದುಕೋ, ಇವತ್ತಿನ ವಯಸ್ಸಿನಲ್ಲಿ, ಇವತ್ತು ಗೊತ್ತಿರುವುದೆಲ್ಲ ಗೊತ್ತಿದ್ದು, ಹೊಸದಾಗಿ ಹಾಕಿಸಿಕೊಳ್ಳಲು ಹೋಗುತ್ತೀಯಾ? ಈ ಪ್ರಶ್ನೆಗೆ ನನ್ನ ಒಳಗಿನಿಂದ ಬಂದ ಉತ್ತರ ಇಲ್ಲ ಅಂತ. ಇಪ್ಪತ್ತೇಳರಲ್ಲಿ ಬೇಕಿತ್ತು, ಸಿಕ್ಕಿತು, ಅನುಭವಿಸಿದೆ. ಐವತ್ತರಲ್ಲಿ ಮತ್ತೆ ಇದೇ ಸ್ಟೂಲ್ ಮೇಲೆ ಕೂರುವುದು ಬೇಡ.

ಇದೇ ಪ್ರಶ್ನೆಗೆ ನನ್ನ ಒಬ್ಬ ಗೆಳತಿಯ ಉತ್ತರ ಹೌದು ಅಂತಾಗಿತ್ತು. ಸ್ನಾಯುವಿನ ಕೆಳಗೆ ಹೊಸದು ಹಾಕಿಸಿಕೊಂಡಳು, ಮೊದಲಿಗಿಂತ ಚಿಕ್ಕದು. ನೆಮ್ಮದಿಯಾಗಿದ್ದಾಳೆ. ಅವಳದ್ದು ಅವಳಿಗೆ ಸರಿ. ಇನ್ನೊಬ್ಬರು ಎರಡನೇ ಹಂತದಲ್ಲೇ ನಿಂತಿದೆ ಅಂತ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸುತ್ತಾ ಹಾಗೇ ಇದ್ದಾರೆ. ನನ್ನ ತಕರಾರು ಇರುವುದು ಒಂದೇ. ಮೇಜಿನ ಮೇಲೆ ಸ್ಯಾಂಪಲ್ ಇಡುವ ಮುಂಚೆ ಬೇಕಾ ಅಂತ ಕೇಳಬೇಕು. ಇವತ್ತೇ ತೀರ್ಮಾನ ಆಗಬೇಕಾಗಿಲ್ಲ, ಮೊದಲು ತೆಗೆದು ಎದೆ ಒಂದು ಸ್ಥಿತಿಗೆ ಬರಲಿ, ಬೇಕು ಅನ್ನಿಸಿದರೆ ಕೆಲವು ತಿಂಗಳಾದ ಮೇಲೆ ಹಾಕೋಣ ಅಂತ ಹೇಳಬೇಕು. ಹೊಸದಾಗಿ ಹಾಕಿಸಿಕೊಂಡು ಆಕಾರ ಸರಿ ಬಂದಿಲ್ಲ ಅಂತ ಒದ್ದಾಡುತ್ತಿರುವ ಹುಡುಗಿಯರಿಗೂ ಇದೇ ಮಾತು. ಊತ ಇಳಿದು ಇಂಪ್ಲಾಂಟ್ ಜಾಗದಲ್ಲಿ ಕೂರಲು ತಿಂಗಳುಗಳು ಬೇಕು. ಸೋಂಕು, ರಕ್ತಸ್ರಾವದಂಥ ತುರ್ತು ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅಂತಲೇ ಒಳ್ಳೆಯ ಸರ್ಜನ್‌ಗಳು ಹೇಳುವುದು.

ನನ್ನ ಆಪರೇಷನ್ ಮಗಳ ಬೇಸಿಗೆ ರಜೆಯಲ್ಲಿ. ಎರಡೂ ತೆಗೆಯುತ್ತಾರೆ. ಮೆತ್ತಗಿರುವ ಬಲಗಡೆಯದನ್ನು ಯಾಕೆ ಅಂತ ಅಕ್ಕ ಕೇಳಿದಳು. ಒಂದು ಕಡೆ ಮಾತ್ರ ಬಿಟ್ಟರೆ ಟೈಲರ್ ಪುಸ್ತಕದಲ್ಲಿ ಎರಡು ಅಂಕಿಯ ನಡುವೆ ಅರ್ಧ ಇಂಚಲ್ಲ, ಇನ್ನೂ ದೊಡ್ಡ ಅಂತರ ಬೀಳುತ್ತದೆ. ಲಿ‌ಫ್ಟ್ ಈಗ ಬೇಡ, ಆರು ತಿಂಗಳಾದ ಮೇಲೆ ನೋಡೋಣ ಅಂದಿದ್ದೇನೆ. ಅಮ್ಮನಿಗೆ ಹೇಳಬೇಕಾ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಎದೆಯಲ್ಲಿ ಗಂಟಿತ್ತು ಅಂತ ಹೇಳೋಣ ಅನ್ನುತ್ತಾಳೆ ಅಕ್ಕ. ಅತ್ತೆಯನ್ನು ನೋಡಿಕೊಂಡಿದ್ದ ಅಮ್ಮನಿಗೆ ಆ ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ. ಹೇಳಿದರೆ ನಿಜ ಹೇಳುತ್ತೇನೆ.

ಒಪ್ಪಿಗೆ ಪತ್ರದ ಕರಡನ್ನು ಮೊದಲೇ ಕೇಳಿ ಮನೆಗೆ ತಂದು ಓದಿದೆ. ಅಚ್ಚಾದ ಹಾಳೆಯಲ್ಲಿ ‘ತೆಗೆಯುವುದು ಮತ್ತು ಬದಲಾಯಿಸುವುದು’ ಅಂತ ಒಂದೇ ಸಾಲಿನಲ್ಲಿತ್ತು. ಡಾಕ್ಟರ್ ಎದುರಿಗೆ ಆ ಎರಡನೇ ಪದಕ್ಕೆ ಗೆರೆ ಹೊಡೆದು, ಪಕ್ಕದಲ್ಲಿ ‘ಯಾವುದೇ ಸಂದರ್ಭದಲ್ಲೂ ಹೊಸ ಇಂಪ್ಲಾಂಟ್ ಹಾಕಬಾರದು’ ಅಂತ ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ಅವರೂ ಅದರ ಪಕ್ಕದಲ್ಲೇ ಸಹಿ ಹಾಕಿದರು. ನರ್ಸ್ ಎರಡು ಜೆರಾಕ್ಸ್ ತೆಗೆದು ಒಂದನ್ನು ನನ್ನ ಫೈಲಿಗೆ ಸೇರಿಸಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು, ರಕ್ತ ಪರೀಕ್ಷೆಗೆ ಕೆಳಗಿನ ಮಹಡಿಗೆ ಹೋಗಲು ಹೇಳಿದರು.